ನಾನು ಮುಟ್ಟಿದರೆ ಮಲಗುತ್ತಿದ್ದ ಲ್ಯಾಪ್‌ಟಾಪ್

ಐರ್ಲೆಂಡಿನ ಡ್ರೋಹೆಡಾ ಊರಿನ ನಮ್ಮ ಮನೆಯಲ್ಲಿ ಹೊಸ ಕಂಪ್ಯೂಟರುಗಳಿಗೆ ಕೊರತೆಯಿಲ್ಲ. ಹೆಂಡತಿಗೊಂದು, ಮಗಳ ಶಾಲೆಯದೊಂದು, ಆಸ್ಪತ್ರೆಯವರು ನನಗೆ ಕೊಟ್ಟಿರುವುದೊಂದು. ಆದರೂ ನಾನು ನಾಟಕ ಬರೆಯುವುದು ಮೈಸೂರಿನಲ್ಲಿ ಪಿ.ಜಿ. ಓದುವಾಗ ಕೊಂಡ ಹಳೆಯ ಲ್ಯಾಪ್‌ಟಾಪಿನಲ್ಲೇ. ಅದನ್ನು ಎತ್ತಿಕೊಂಡರೆ ನಡೆಯಲು ಬಾರದ ಮಗುವನ್ನು ಸೊಂಟಕ್ಕೇರಿಸಿಕೊಂಡಷ್ಟು ಭಾರ. ಅದರೊಳಗಿರುವುದು ಆ ಕಾಲದ ಕನ್ನಡ ಫಾಂಟು. ನನ್ನ ಬೆರಳುಗಳಿಗೆ ಗೊತ್ತಿರುವುದು ಆ ಕೀಲಿಗಳ ಜಾಗ ಮಾತ್ರ. ಅದರಲ್ಲಿ ಬರೆದದ್ದನ್ನು ಬೇರೆಯವರ ಕಂಪ್ಯೂಟರಿಗೆ ಕಳಿಸಿದರೆ ಅಲ್ಲಿ ತೆರೆದುಕೊಳ್ಳುವುದು ಕನ್ನಡವಲ್ಲ, ತಲೆಯ ಮೇಲೆ ಟೊಪ್ಪಿಗೆ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಹಾಗಾಗಿ ಬರೆದದ್ದನ್ನು ಪರದೆಯ ಮೇಲೇ ಫೋನಿನಿಂದ ಫೋಟೊ ಹೊಡೆದು ನಾಟಕದವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಇದು ಹುಚ್ಚು ಪದ್ಧತಿ ಎಂದು ಎಲ್ಲರೂ ಹೇಳಿದ್ದರು. ಆದರೆ ನಡೆಯುತ್ತಿತ್ತು.

ನಾನು ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಬಂದವರನ್ನು ಮಲಗಿಸುವುದು, ಮುಗಿದ ಮೇಲೆ ಎಬ್ಬಿಸುವುದು ನನ್ನ ಕೆಲಸ. ಹೆಂಡತಿ ಅದೇ ಊರಿನ ಇನ್ನೊಂದು ಕಡೆ ಎಂ.ಆರ್.ಐ. ಸ್ಕ್ಯಾನ್ ಮಾಡುತ್ತಾಳೆ. ವರ್ಷವಿಡೀ ಇದೇ ಕೆಲಸವಾದರೂ ನವೆಂಬರ್ ಹತ್ತಿರ ಬಂದಾಗ ಮಾತ್ರ ನಾನು ನಾಟಕಕಾರನಾಗುತ್ತೇನೆ. ನಮ್ಮ ಭಾಗದ ಕನ್ನಡದವರೆಲ್ಲ ಸೇರಿ ಫುಟ್‌ಬಾಲ್ ಮೈದಾನದ ಪಕ್ಕದ ಹಾಲನ್ನು ಬಾಡಿಗೆಗೆ ಹಿಡಿದು ರಾಜ್ಯೋತ್ಸವ ಮಾಡುತ್ತೇವೆ. ಮಕ್ಕಳ ನೃತ್ಯ, ಬಿಸಿಬೇಳೆಭಾತು, ಆಮೇಲೆ ನನ್ನ ನಾಟಕ.

ಆ ಸಲದ ನಾಟಕ ಮೈಸೂರಿನಿಂದ ಮಗನ ಮನೆಗೆ ಬಂದ ಅತ್ತೆಯೊಬ್ಬಳದು. ಅವಳು ಐರ್ಲೆಂಡಿನಲ್ಲಿ ಸಂಡಿಗೆ ಇಡಲು ಹೊರಡುತ್ತಾಳೆ. ಹಿಟ್ಟು ಕಾಯಿಸಿ, ಪ್ಲಾಸ್ಟಿಕ್ ಹಾಳೆ ಹಾಸಿ, ಬಿಸಿಲಿಗಾಗಿ ಕಾಯುತ್ತಾಳೆ. ಮೊದಲ ಎರಡು ದೃಶ್ಯಗಳಲ್ಲಿ ಬಿಸಿಲು ಬರುವುದಿಲ್ಲ. ಮೂರನೆಯದರಲ್ಲಿ ಬರಬೇಕು. ಅತ್ತೆ ಪಾತ್ರಕ್ಕೆ ಯಾವ ಹೆಂಗಸೂ ಒಪ್ಪದೆ, ಸೀರೆ ನನಗೆ ಚೆನ್ನಾಗಿ ನಿಲ್ಲುತ್ತದೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿ, ಆ ಪಾತ್ರವನ್ನು ನನ್ನ ತಲೆಗೆ ಕಟ್ಟಿದ್ದರು. ಎರಡು ದೃಶ್ಯಗಳ ಫೋಟೊ ಗುಂಪಿಗೆ ಹೋಗಿತ್ತು. ಮೂರನೆಯದು ಅರ್ಧ ಬರೆದಂತೆ ಲ್ಯಾಪ್‌ಟಾಪಿನೊಳಗೇ ಇತ್ತು.

ಅಕ್ಟೋಬರಿನಲ್ಲಿ ನನ್ನ ಎಡಗೈ ಮಣಿಕಟ್ಟು ನೋಯಲು ಶುರುವಾಯಿತು. ರೋಗಿ ಮಲಗಿದ ಮೇಲೆ ಎಡಗೈಯಿಂದ ಅವರ ದವಡೆಯನ್ನು ಎತ್ತಿ ಹಿಡಿದಿರಬೇಕಾಗುತ್ತದೆ. ವರ್ಷಗಟ್ಟಲೆ ಐರಿಷ್ ದವಡೆಗಳನ್ನು ಎತ್ತಿದ್ದರ ಫಲ ಅದು. ಕಸದ ಡಬ್ಬಿಯನ್ನು ರಸ್ತೆಗೆ ಎಳೆಯುವಾಗ ನಾನು ಮುಖ ಕಿವುಚಿದ್ದನ್ನು ಪಕ್ಕದ ಮನೆಯ ಅಜ್ಜಿ ನೋಡಿದರು. ಎಂಬತ್ತು ದಾಟಿದವರು, ಆಯುಷ್ಯವೆಲ್ಲ ಬೇಕರಿಯಲ್ಲಿ ದುಡಿದವರು. ಈಗ ಒಂದು ಪುಟ್ಟ ಬಿಳಿ ನಾಯಿಯೊಡನೆ ಇದ್ದಾರೆ. ಅವರು ಆಡುವುದು ಇಂಗ್ಲಿಷಾದರೂ ನನ್ನ ಕಿವಿಗೆ ಅದು ಅಕ್ಕರೆಯ ಏಕವಚನದಲ್ಲೇ ಕೇಳಿಸುತ್ತದೆ.

"ಕೈಗೇನಾಯ್ತು ನಿಂಗೆ?" ಎಂದರು.

"ಏನಿಲ್ಲ, ಗ್ರ್ಯಾಂಡ್," ಎಂದೆ. ಈ ಊರಿನಲ್ಲಿ ಗ್ರ್ಯಾಂಡ್ ಎಂದರೆ ಎಲ್ಲ ಚೆನ್ನಾಗಿದೆ ಎಂದು, ಕಾಲು ಮುರಿದವನೂ ಮೊದಲು ಹೇಳುವುದು ಅದನ್ನೇ.

"ಗ್ರ್ಯಾಂಡ್ ಅಂತೆ ಗ್ರ್ಯಾಂಡ್. ನಿಲ್ಲು ಅಲ್ಲೇ."

ಒಳಗೆ ಹೋಗಿ ಒಂದು ತಾಮ್ರದ ಕಡಗ ತಂದರು. ಅವರ ಮೊಣಕೈ ನೋವನ್ನು ಓಡಿಸಿದ್ದು ಅದೇ ಅಂತೆ. ನಾನು ಡಾಕ್ಟರು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅದು ನನ್ನ ಕೈಯಲ್ಲಿತ್ತು. ಅಂದಿನಿಂದ ನಾನು ಕಾರಿನಿಂದ ಇಳಿದರೆ ಸಾಕು, ಅವರ ಕಿಟಕಿಯ ಪರದೆ ಸರಿಯುತ್ತಿತ್ತು, ಅವರು ತಮ್ಮ ಮಣಿಕಟ್ಟನ್ನು ತಟ್ಟಿ ಹುಬ್ಬೇರಿಸುತ್ತಿದ್ದರು. ನಾನು ತೋಳು ಎತ್ತಿ ಕಡಗ ತೋರಿಸುತ್ತಿದ್ದೆ. ಆಸ್ಪತ್ರೆಯಲ್ಲಿ ಮೊಣಕೈಯಿಂದ ಕೆಳಗೆ ಏನನ್ನೂ ಧರಿಸುವಂತಿಲ್ಲವಾದ್ದರಿಂದ ಅಲ್ಲಿ ತೆಗೆದು ಕಾರಿನಲ್ಲಿಡುವುದು, ಮನೆಗೆ ಹೊರಡುವಾಗ ಮತ್ತೆ ಹಾಕಿಕೊಳ್ಳುವುದು ರೂಢಿಯಾಯಿತು. ಹೆಂಡತಿ ಅದನ್ನು ನೋಡಿ, "ತಾಮ್ರನಾ?" ಎಂದಳು. "ತಾಮ್ರ," ಎಂದೆ. ಅಷ್ಟಕ್ಕೇ ಬಿಟ್ಟಳು.

ಲ್ಯಾಪ್‌ಟಾಪ್ ಕೈಕೊಟ್ಟದ್ದು ಒಂದು ಭಾನುವಾರ ಮಧ್ಯಾಹ್ನ, ಕಾರ್ಯಕ್ರಮಕ್ಕೆ ಇನ್ನು ಮೂರು ವಾರವಿದ್ದಾಗ. ಅಡುಗೆಮನೆಯ ಮೇಜಿನ ಮೇಲಿಟ್ಟು ಮುಚ್ಚಳ ತೆರೆದು ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು, ಫ್ಯಾನು ಒಂದು ಸುತ್ತು ತಿರುಗಿತು, ಉಸಿರು ಬಿಟ್ಟಂತೆ ಸದ್ದು ಮಾಡಿ ನಿಂತಿತು. ಪರದೆ ಕಪ್ಪಗೇ ಇತ್ತು. ಮತ್ತೆ ಒತ್ತಿದೆ. ಮತ್ತೆ ಅದೇ ನಿಟ್ಟುಸಿರು. ಬ್ಯಾಟರಿ ತೆಗೆದು ಹಾಕಿದೆ. ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದೆ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಂದುಗೊಂದಿನ ಧೂಳು ತೆಗೆದೆ. ಅದರಲ್ಲಿ ಮೈಸೂರಿನ ಧೂಳೂ ಇದ್ದಿರಬೇಕು. ಕೊನೆಗೆ ಚೀಲದಿಂದ ಸ್ಟೆತಸ್ಕೋಪ್ ತೆಗೆದು ಲ್ಯಾಪ್‌ಟಾಪಿನ ಬೆನ್ನಿಗಿಟ್ಟು ಆಲಿಸತೊಡಗಿದೆ. ಹೆಂಡತಿ ಒಳಗೆ ಬಂದದ್ದು ಆಗ.

"ಉಸಿರಾಡ್ತಿದ್ಯಾ?" ಎಂದಳು.

"ತಮಾಷೆ ಬೇಡ ಕಣೇ. ಮೂರನೇ ದೃಶ್ಯ ಒಳಗಿದೆ."

ಅವಳು ಈರುಳ್ಳಿ ಹೆಚ್ಚಿದ ಕೈಯನ್ನು ಒರೆಸಿಕೊಂಡು ಒಂದೇ ಬೆರಳಿನಿಂದ ಗುಂಡಿ ಒತ್ತಿದಳು. ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಬೆಳಗಿತು. ಲ್ಯಾಪ್‌ಟಾಪ್ ತನ್ನ ಹಳೆಯ ಸ್ವಾಗತದ ರಾಗ ನುಡಿಸಿತು.

"ಆಯ್ತಲ್ಲ," ಎಂದು ಅವಳು ಒಲೆಯ ಕಡೆ ಹೋದಳು.

ನಾನು ಕುರ್ಚಿ ಎಳೆದುಕೊಂಡು ಕೂತು ಕೀಲಿಗಳ ಮೇಲೆ ಕೈಯಿಟ್ಟೆ. ಪರದೆ ಆರಿತು.

ಆ ಮಧ್ಯಾಹ್ನ ಇದನ್ನು ಎಷ್ಟು ಸಲ ಮಾಡಿದೆವೋ ಲೆಕ್ಕವಿಲ್ಲ. ಅವಳು ಒತ್ತಿದರೆ ಏಳುತ್ತಿತ್ತು, ನಾನು ಕೂತರೆ ಮಲಗುತ್ತಿತ್ತು. ಅವಳು ಒತ್ತಿ, ನಾನು ಪಕ್ಕದಲ್ಲಿ ನಿಂತು ನೋಡಿದರೆ ಎದ್ದೇ ಇರುತ್ತಿತ್ತು. ನಾನು ಕೈ ಚಾಚಿದರೆ ಕಣ್ಣು ಮುಚ್ಚುತ್ತಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

"ನೀವು ಆಸ್ಪತ್ರೇಲಿ ಮಾಡೋದನ್ನೇ ಇಲ್ಲೂ ಮಾಡ್ತಿದೀರ ಕಣ್ರೀ. ಮುಟ್ಟಿದ್ರೆ ಮಲಗತ್ತೆ."

"ಅಲ್ಲಿ ಎಬ್ಬಿಸ್ತೀನಿ ಕೂಡ," ಎಂದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಮರುದಿನ ಅದನ್ನು ಬಗಲಲ್ಲಿ ಹೊತ್ತುಕೊಂಡು ಆಸ್ಪತ್ರೆಗೆ ಹೋದೆ. ಊಟದ ಬಿಡುವಿನಲ್ಲಿ ಕಂಪ್ಯೂಟರ್ ವಿಭಾಗದ ಗೆಳೆಯನ ಮುಂದಿಟ್ಟು ರೋಗದ ಚರಿತ್ರೆಯನ್ನೆಲ್ಲ ಹೇಳಿದೆ. ಅವನು ಸ್ಯಾಂಡ್‌ವಿಚ್ ಬಿಡದೆಯೇ ಗುಂಡಿ ಒತ್ತಿದ. ಎದ್ದಿತು.

"ನೀನು ಒತ್ತು," ಎಂದ. ಒತ್ತಿದೆ. ಎದ್ದಿತು. ಕೂತು ಅತ್ತೆಯ ಎರಡು ಮಾತು ಟೈಪ್ ಮಾಡಿದೆ. ಹರಿಯುವ ನೀರಿನಂತೆ ಅಕ್ಷರಗಳು ಬಂದವು. ಖುಷಿಯಲ್ಲಿ ಕಣ್ಣು ತುಂಬುವುದೊಂದು ಬಾಕಿ.

"ಇಟ್ಸ್ ಗ್ರ್ಯಾಂಡ್," ಎಂದು ಅವನು ಸ್ಯಾಂಡ್‌ವಿಚ್ಚಿಗೆ ಮರಳಿದ.

ಸಂಜೆ ಮನೆಗೆ ಬಂದು, ಅಜ್ಜಿಯ ಕಿಟಕಿಗೆ ತೋಳು ತೋರಿಸಿ, ಮೇಜಿನ ಮೇಲಿಟ್ಟು ತೆರೆದೆ. ಮಲಗಿತು.

ಹಾಗಾದರೆ ದೋಷ ಇರುವುದು ಮನೆಯಲ್ಲಿ ಎಂದು ನಾನು ತೀರ್ಮಾನಿಸಿದೆ. ವೈದ್ಯನ ತರ್ಕ ಹಾಗೆಯೇ ಹೋಗುತ್ತದೆ. ಮನೆಯ ಕರೆಂಟು ಸರಿಯಿಲ್ಲ. ಪ್ಲಗ್ ಬದಲಿಸಿದೆ. ಅಡುಗೆಮನೆ ಬಿಟ್ಟು ಹಾಲಿಗೆ, ಹಾಲಿನಿಂದ ಮಹಡಿಗೆ ಹೊತ್ತೊಯ್ದೆ. ತೇವವಿರಬಹುದೆಂದು, ಬಿಸಿನೀರಿನ ಟ್ಯಾಂಕಿನ ಪಕ್ಕದ ಕಪಾಟಿನಲ್ಲಿ, ಇಲ್ಲಿಯವರು ಹಾಟ್ ಪ್ರೆಸ್ ಎಂದು ಕರೆದು ಒಗೆದ ಬಟ್ಟೆ ಒಣಗಿಸುವ ಕಡೆ, ಟವೆಲ್ಲುಗಳ ನಡುವೆ ಇಟ್ಟು ಬೆಚ್ಚಗೆ ಮಾಡಿದೆ. ಹಾಟ್ ಪ್ರೆಸ್ಸಿನಿಂದ ತೆಗೆದಾಗ ಹೊಸದಾಗಿ ಒಗೆದ ವಾಸನೆ ಬರುತ್ತಿತ್ತು. ಆದರೆ ನನ್ನ ಕೈಗೆ ಏಳಲಿಲ್ಲ. ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ ಮಗಳು ಡ್ರೋಹೆಡಾದ ರಾಗದಲ್ಲಿ, "ಅಪ್ಪಾ, ಇಟ್ಸ್ ನಾಟ್ ದ ಹೌಸ್. ಇಟ್ಸ್ ಯೂ," ಎಂದಳು. ಕನ್ನಡದಲ್ಲಿ ಹೇಳು ಎಂದೆ. ಹೇಳಲಿಲ್ಲ. ಅವಳ ಬದಲು ಅವಳಮ್ಮ, "ತೊಂದರೆ ಮನೇದಲ್ಲ, ನಿಮ್ದು," ಎಂದು ಅದನ್ನೇ ಕನ್ನಡಕ್ಕೆ ತಿರುಗಿಸಿದಳು.

ಆ ಶನಿವಾರ ಅಮ್ಮನ ವಿಡಿಯೊ ಕಾಲ್ ಬಂತು. ಅಮ್ಮ ಮೈಸೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾರೆ. ನಾಟಕ ಎಲ್ಲಿಗೆ ಬಂತು ಎಂದು ಕೇಳಿದರು. ವಿಷಯ ಹೇಳಿದೆ.

"ದೃಷ್ಟಿ ಆಗಿದೆ," ಎಂದರು, ಒಂದು ಕ್ಷಣವೂ ಯೋಚಿಸದೆ.

"ಲ್ಯಾಪ್‌ಟಾಪಿಗಾ?"

"ನಿಂಗಾಗಿದ್ರೆ ನೀನು ಮಲಗ್ತಿದ್ದೆ. ಅದಕ್ಕೇ ಆಗಿರೋದು. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ತಗೋ. ನಿವಾಳಿಸಿ ಒಲೆಗೆ ಹಾಕು. ಘಾಟು ಬರ್ಲಿಲ್ಲ ಅಂದ್ರೆ ದೃಷ್ಟಿ ಅಂತ ಗೊತ್ತಾಗತ್ತೆ."

ಬೇಡವೆನ್ನಲು ನನ್ನ ಬಳಿ ಕಾರಣವಿರಲಿಲ್ಲ. ವೈಜ್ಞಾನಿಕವಾದದ್ದೆಲ್ಲ ಆಗಲೇ ಸೋತಿತ್ತು. ಹೆಂಡತಿ ಹಣೆ ಚಚ್ಚಿಕೊಂಡು, ಏನಾದರೂ ಮಾಡಿಕೊಳ್ಳಿ, ಕೀಬೋರ್ಡಿನೊಳಗೆ ಸಾಸಿವೆ ಬಿದ್ದರೆ ಮಾತ್ರ ನಾನಿಲ್ಲ ಎಂದಳು. ಮುಚ್ಚಳ ಹಾಕಿದ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಅಮ್ಮನ ಕಣ್ಗಾವಲಿನಲ್ಲಿ ನಿವಾಳಿಸಿದೆ. ನಮ್ಮದು ಕರೆಂಟಿನ ಒಲೆ, ಬೆಂಕಿಯಿಲ್ಲ. ಬಾಣಲೆ ಕಾಯಿಸಿ ಅದರೊಳಗೆ ಸುರಿದೆ.

ಮೊದಲು ಸಾಸಿವೆ ಸಿಡಿಯಿತು. ಆಮೇಲೆ ಮೆಣಸಿನಕಾಯಿ ಹೊಗೆಯಾಡಿತು. ಮಗಳು ಕೆಮ್ಮುತ್ತ ಹಿತ್ತಲಿಗೆ ಓಡಿದಳು. ಮನೆಯ ಹೊಗೆ ಅಲಾರಮ್ಮುಗಳು ಒಂದರ ಹಿಂದೊಂದು ಕಿರುಚಿಕೊಂಡವು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದೆ. ಫೋನಿನೊಳಗಿಂದ ಅಮ್ಮ, "ಘಾಟು ಬಂತಾ? ಅದೇನೋ ಸದ್ದು?" ಎಂದು ಕೂಗುತ್ತಿದ್ದರು.

"ಬಂತಮ್ಮ, ಬಂತು!"

"ಬಂದ್ರೆ ದೃಷ್ಟಿ ಅಲ್ಲ ಬಿಡು," ಎಂದು ಅಮ್ಮ ನಿರಾಳವಾಗಿ ಹೇಳಿದರು. ಆ ಒಂದು ರೋಗವಲ್ಲ ಎಂದಾದರೂ ಖಚಿತವಾಯಿತಲ್ಲ ಎಂಬ ಸಮಾಧಾನ ಅವರ ದನಿಯಲ್ಲಿತ್ತು. ನಮ್ಮ ದೊಡ್ಡ ಡಾಕ್ಟರುಗಳೂ ರೌಂಡ್ಸಿನಲ್ಲಿ ಹಾಗೆಯೇ ಮಾತಾಡುವುದು.

ಅಷ್ಟರಲ್ಲಿ ಅಜ್ಜಿ ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಮುಂಬಾಗಿಲಿಗೆ ಬಂದಿದ್ದರು. ಮನೆ ಹೊತ್ತಿಕೊಂಡಿದೆ ಎಂದು ತಿಳಿದು ಮನೆಯೊಳಗಿನ ಚಪ್ಪಲಿಯಲ್ಲೇ ಓಡಿಬಂದಿದ್ದರು. ಹೆಂಡತಿ ಅವರನ್ನು ಕೂರಿಸಿ, ಕಿಟಕಿ ತೆರೆದು, ನಡೆದದ್ದನ್ನು ಹೇಳಿದಳು. ಅವರು ನಗಲಿಲ್ಲ. ಲ್ಯಾಪ್‌ಟಾಪನ್ನು ಬಹಳ ಹೊತ್ತು ನೋಡಿದರು.

"ನಿಮ್ಮಮ್ಮ ಮೊದಲು ಹೇಳಿದ್ದೇ ಸರಿ, ಇದು ದೃಷ್ಟಿನೇ. ಆದ್ರೆ ಮೆಣಸಿನಕಾಯಿಗೆ ಬಗ್ಗೋದಲ್ಲ ಇದು," ಎಂದು ಹೇಳಿ ಮನೆಗೆ ಹೋಗಿ ಒಂದು ಪುಟ್ಟ ಪ್ಲಾಸ್ಟಿಕ್ ಸೀಸೆ ತಂದರು. ಮೇರಿಮಾತೆಯ ಆಕಾರದ ಸೀಸೆ, ನೀಲಿ ಕಿರೀಟವೇ ಮುಚ್ಚಳ. ಒಳಗೆ ಯಾತ್ರೆಯಲ್ಲಿ ತಂದ ಪವಿತ್ರಜಲ.

"ನೀರು ಬೇಡ," ಎಂದು ನಾನೂ ಹೆಂಡತಿಯೂ ಒಟ್ಟಿಗೆ ಹೇಳಿದೆವು.

"ಒಂದು ಹನಿ. ಮುಚ್ಚಳದ ಮೇಲೆ. ನೀನು ಇವನನ್ನ ಹಿಡ್ಕೋ," ಎಂದು ನಾಯಿಯನ್ನು ನನ್ನ ತೋಳಿಗೆ ಹಾಕಿದರು. ಮೆಣಸಿನ ಘಾಟಿಗೆ ಸೀನುತ್ತಿದ್ದ ನಾಯಿ ಮೀನಿನಂತೆ ಜಾರುತ್ತಿತ್ತು. ಎರಡೂ ಕೈಯಲ್ಲಿ ಅವುಚಿಕೊಂಡು ಬಾಗಿಲ ಬಳಿ ನಿಂತೆ. ಅಜ್ಜಿ ಶಿಲುಬೆಯ ಗುರುತು ಮಾಡಿ, ಹನಿ ಚಿಮುಕಿಸಿ, ಅಂಗಿಯ ತುದಿಯಿಂದ ಕೂಡಲೇ ಒರೆಸಿ, ಮುಚ್ಚಳ ತೆರೆದು ಗುಂಡಿ ಒತ್ತಿದರು. ಲ್ಯಾಪ್‌ಟಾಪ್ ರಾಗ ನುಡಿಸುತ್ತ ಎದ್ದಿತು.

ಫೋನಿನೊಳಗಿಂದ ಅಮ್ಮ, "ನೋಡಿದ್ಯಾ, ಸ್ವಲ್ಪ ತಡವಾಗಿ ಹಿಡೀತು ಅಷ್ಟೆ," ಎಂದರು. ಅಜ್ಜಿ ಫೋನಿನ ಕಡೆ ಕೈಬೀಸಿದರು. ಇಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ, ತಮ್ಮ ತಮ್ಮ ಗೆಲುವಿಗೆ ಪರಸ್ಪರ ಅಭಿನಂದನೆ ಹೇಳಿಕೊಂಡರು. ನಾಯಿಯನ್ನು ಕೆಳಗಿಳಿಸಿ ನಾನು ಮೇಜಿನ ಬಳಿ ಬಂದು ಕೈಯಿಟ್ಟೆ. ಮಲಗಿತು. ಇಬ್ಬರು ವೃದ್ಧೆಯರೂ, ಒಬ್ಬರು ಪರದೆಯೊಳಗಿಂದ, ಒಬ್ಬರು ಪಕ್ಕದಿಂದ, ನನ್ನನ್ನು ಹೊಸದಾಗಿ ನೋಡುವಂತೆ ನೋಡಿದರು. ಅಜ್ಜಿ ಹೋಗುವಾಗ ನನ್ನ ಹಣೆಗೂ ಒಂದು ಹನಿ ಹಚ್ಚಿ ಹೋದರು.

ಕಾರ್ಯಕ್ರಮ ಹತ್ತಿರ ಬಂದಿತ್ತು. ಮಗ ಮತ್ತು ಸೊಸೆಯ ಪಾತ್ರದವರು ಮೂರನೆಯ ದೃಶ್ಯ ಎಲ್ಲಿ ಎಂದು ಗುಂಪಿನಲ್ಲಿ ಕೇಳುತ್ತಲೇ ಇದ್ದರು. ಕಾಗದದ ಮೇಲೆ ಬರೆಯಬಹುದಿತ್ತು ಎಂದು ಈಗ ಯಾರಾದರೂ ಹೇಳಬಹುದು. ಪ್ರಯತ್ನಿಸಿದೆ. ವರ್ಷಗಳಿಂದ ಪ್ರಿಸ್ಕ್ರಿಪ್ಷನ್ ಬರೆದ ಕೈಬರಹವನ್ನು ಮರುದಿನ ನನಗೇ ಓದಲಾಗಲಿಲ್ಲ. ಕೊನೆಗೆ ಹೆಂಡತಿಯೇ, "ನೀವು ದೂರ ನಿಂತು ಹೇಳಿ, ನಾನು ಟೈಪ್ ಮಾಡ್ತೀನಿ," ಎಂದಳು. ಮಗಳು ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ, ನಾನು ದಾಟಬಾರದ ಗೆರೆಯನ್ನು ತೋರಿಸಿದಳು.

ಹೆಂಡತಿಗೆ ಆ ಹಳೆಯ ಕೀಲಿಗಳ ಜಾಗ ಗೊತ್ತಿರಲಿಲ್ಲ. ನಾನು ಗೆರೆಯ ಆಚೆ ನಿಂತು, ಗಾಳಿಯಲ್ಲಿ ಬೆರಳಾಡಿಸಿ ನೆನಪಿಸಿಕೊಂಡು, "ಳ ಬೇಕಾದ್ರೆ ಶಿಫ್ಟ್ ಹಿಡ್ಕೊಂಡು ಎಲ್ ಒತ್ತು" ಎಂದೆಲ್ಲ ಹೇಳುತ್ತಿದ್ದೆ. ಮೊದಲ ದಿನ ಅರ್ಧ ಪುಟವಾಯಿತು. ಎರಡನೆಯ ದಿನ ಅವಳ ಕೈ ಕುದುರಿತು. ಮೂರನೆಯ ದಿನ ನಾನು ಹೇಳಿ ನಿಲ್ಲಿಸಿದ ಮೇಲೂ ಅವಳು ಟೈಪ್ ಮಾಡುತ್ತಲೇ ಇದ್ದಳು.

"ಏನದು? ಅಷ್ಟುದ್ದ ಹೇಳ್ಲಿಲ್ವಲ್ಲ ನಾನು."

"ಸೊಸೆಗೊಂದು ಮಾತು ಹಾಕಿದೆ."

"ಸೊಸೆ ಅಲ್ಲಿ ಸುಮ್ನಿರಬೇಕು."

"ಯಾಕೆ? ಎರಡು ದೃಶ್ಯದಿಂದ ಸುಮ್ನಿದಾಳಲ್ಲ. ಬಾಯಿಗೇನು ಮಂಪರು ಕೊಟ್ಟಿದೀರಾ?"

ನನ್ನ ಮೂರನೆಯ ದೃಶ್ಯದಲ್ಲಿ ಬಿಸಿಲು ಬರುತ್ತಿತ್ತು, ಅತ್ತೆ ಕುಣಿಯುತ್ತಿದ್ದಳು, ಎಲ್ಲರೂ ಸೇರಿ ಸಂಡಿಗೆ ಇಡುತ್ತ ಹಾಡುತ್ತಿದ್ದರು. ಅವಳಿಗೆ ಅದು ಹಿಡಿಸಲಿಲ್ಲ. ಅವಳ ಪ್ರಕಾರ ಅತ್ತೆ ಸೊಸೆ ಇಬ್ಬರೂ ಪ್ಲಾಸ್ಟಿಕ್ ಹಾಳೆಯ ಎರಡು ತುದಿ ಹಿಡಿದು, ಅದನ್ನು ಎಲ್ಲಿ ಹಾಸಬೇಕೆಂದು ಜಗಳ ತೆಗೆಯುತ್ತಾರೆ. ಜಗಳ ಏರುತ್ತಿರುವಾಗ ಅವರ ಬೆನ್ನ ಹಿಂದೆ ಬಿಸಿಲು ಬರುತ್ತದೆ, ಒಳ್ಳೆಯ ಮೈಸೂರು ಬಿಸಿಲು. ಜಗಳ ಮುಗಿದು ತಿರುಗುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ. ಜನ ನೋಡಿರುತ್ತಾರೆ. ಅವರಿಬ್ಬರು ನೋಡಿರುವುದಿಲ್ಲ.

"ಇದು ಹಾಸ್ಯ ನಾಟಕ ಕಣೇ," ಎಂದೆ.

"ಅದಕ್ಕೇ ಹೇಳ್ತಿರೋದು."

"ನಾಟಕ ನಂದು."

"ಹಾಗಾದ್ರೆ ಬಂದು ನೀವೇ ಟೈಪ್ ಮಾಡಿ."

ರೋಷದಲ್ಲಿ ಗೆರೆ ದಾಟಿ ಒಂದು ಹೆಜ್ಜೆ ಇಟ್ಟೆ. ಅವಳು ಎರಡೂ ತೋಳಿನಿಂದ ಲ್ಯಾಪ್‌ಟಾಪನ್ನು ಕೋಳಿ ಮರಿಯನ್ನು ಕಾಯುವಂತೆ ಮುಚ್ಚಿಕೊಂಡು, "ಬೇಡ ಬೇಡ, ಸೇವ್ ಮಾಡಿಲ್ಲ!" ಎಂದು ಚೀರಿದಳು. ನಾನು ಹಿಂದೆ ಸರಿದೆ. ಮದುವೆಯಾದಾಗಿನಿಂದ ಯಾವ ವಾದದಲ್ಲೂ ನಾನು ಅಷ್ಟು ಸುಲಭವಾಗಿ ಸೋತಿರಲಿಲ್ಲ. ಅವಳು ಬರೆದದ್ದರ ಫೋಟೊ ಗುಂಪಿಗೆ ಹೋಯಿತು. ಸೊಸೆಯ ಪಾತ್ರದ ಹುಡುಗಿ ಕೂಡಲೇ ಸಾಲಾಗಿ ಹೃದಯದ ಚಿತ್ರಗಳನ್ನು ಕಳಿಸಿದಳು. ಮೊದಲೆರಡು ದೃಶ್ಯಗಳಿಗೆ ಅವಳು ಕಳಿಸಿದ್ದು ಹೆಬ್ಬೆರಳು ಮಾತ್ರ.

ಕಾರ್ಯಕ್ರಮದ ದಿನ ಹಾಲಿನ ಹಿಂದಿನ ಆಟಗಾರರ ಕೋಣೆಯೇ ನಮ್ಮ ಬಣ್ಣದ ಮನೆ. ಗೋಡೆಯುದ್ದಕ್ಕೂ ಬೆಂಚು, ಮೂಲೆಯಲ್ಲಿ ಒದ್ದೆ ಬೂಟುಗಳ ವಾಸನೆ. ಫೋಟೊಗಳಲ್ಲಿ ಅಕ್ಷರಗಳು ಚಿಕ್ಕದಾಗಿವೆ ಎಂದು, ರಂಗದ ಪಕ್ಕದಲ್ಲಿ ಕೂತು ನಟರಿಗೆ ಮರೆತ ಮಾತು ಎತ್ತಿಕೊಡುವವನು ಲ್ಯಾಪ್‌ಟಾಪನ್ನೇ ತರಿಸಿಕೊಂಡಿದ್ದ. ಅದು ಅವನ ತೊಡೆಯ ಮೇಲೆ ಕಣ್ಣು ತೆರೆದು ಕೂತಿತ್ತು. ನಾನು ದೂರದ ಬೆಂಚಿನ ಬಳಿ ನಿಂತು ಅಮ್ಮನದೇ ಹಳೆಯ ಸೀರೆ ಉಡಿಸಿಕೊಳ್ಳುತ್ತಿದ್ದೆ. ಎರಡೂ ಕೈಗೆ ಹಸಿರು ಗಾಜಿನ ಬಳೆ, ಎಡಗೈಯಲ್ಲಿ ಅವುಗಳ ನಡುವೆ ಅಜ್ಜಿಯ ಕಡಗ. ಅಜ್ಜಿ ಮುಂದಿನ ಸಾಲಿನಲ್ಲೇ ಬಂದು ಕೂತಿದ್ದರಿಂದ ತೆಗೆಯುವಂತಿರಲಿಲ್ಲ.

ಹೆಂಡತಿ ನೆರಿಗೆ ಹಿಡಿದು, ಸೆರಗು ಹೊದಿಸಿ, "ಪಿನ್ನು ಹಿಡ್ಕೊಳ್ಳಿ," ಎಂದು ಪಿನ್ನುಗಳನ್ನು ನನ್ನ ಎಡ ಅಂಗೈಗೆ ಸುರಿದಳು. ಭುಜಕ್ಕೆ ಒಂದು ಚುಚ್ಚಿ, ಎರಡನೆಯದಕ್ಕೆ ಕೈ ಚಾಚಿದಳು. ಅಂಗೈ ಖಾಲಿಯಿತ್ತು. ಪಿನ್ನುಗಳೆಲ್ಲ ಅಂಗೈಯಿಂದ ಮಣಿಕಟ್ಟಿಗೆ ಸರಿದು, ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಕಡಗಕ್ಕೆ ಅಂಟಿಕೊಂಡಿದ್ದವು.

ಅವಳ ಮುಖ ಬದಲಾಯಿತು. ಮನೆಯಲ್ಲಿ ನಾನು ಎಂದೂ ನೋಡದ ಮುಖ ಅದು, ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರನ್ನೂ ತಡೆದು ಕೇಳುವಾಗಿನ ಮುಖ. ದಿನವಿಡೀ ಅವಳು ಕೇಳುವುದು ಒಂದೇ: ಮೈಮೇಲೆ ಕಬ್ಬಿಣ ಇದೆಯಾ, ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ಜೇಬಿನಲ್ಲಿ ಏನಾದರೂ ಇದೆಯಾ. ಅಷ್ಟು ದೊಡ್ಡ ಅಯಸ್ಕಾಂತದ ಪಕ್ಕದಲ್ಲಿ ಕೆಲಸ ಮಾಡುವವಳು ಅವಳು.

"ರೀ, ಇದು ತಾಮ್ರ ಅಂದ್ರಲ್ಲ?"

"ತಾಮ್ರನೇ ಕಣೇ. ಅಜ್ಜಿ ಹೇಳಿದ್ರು."

"ತಾಮ್ರಕ್ಕೆ ಪಿನ್ನು ಅಂಟತ್ತಾ?" ನನ್ನ ಮಣಿಕಟ್ಟನ್ನು ಬೆಳಕಿಗೆ ತಿರುಗಿಸಿದಳು. ಕಡಗದ ಎರಡು ತುದಿಯಲ್ಲಿ ಮಸೂರಕಾಳಿನಷ್ಟು ಬೂದುಬಣ್ಣದ ಎರಡು ಗುಂಡುಗಳು ಕೂತಿದ್ದವು. ನಾನು ಅವನ್ನು ಅಲಂಕಾರ ಎಂದುಕೊಂಡಿದ್ದೆ. "ಮ್ಯಾಗ್ನೆಟ್ಟು! ಬಿಚ್ಚಿ ಕೊಡಿ ಇಲ್ಲಿ."

ಕಡಗ ತೆಗೆದುಕೊಂಡು, ಪಿನ್ನುಗಳನ್ನು ಉದುರಿಸಿ, ಸೀದಾ ಮಾತು ಎತ್ತಿಕೊಡುವವನ ಬಳಿ ಹೋದಳು. ಒಂದು ಕೈಯಲ್ಲಿ ಬಿಚ್ಚಿದ ಸೆರಗು ಹಿಡಿದುಕೊಂಡು ನಾನೂ ಹಿಂದೆ ಹೋದೆ. ಕೀಲಿಗಳ ಕೆಳಗೆ, ಟೈಪ್ ಮಾಡುವಾಗ ಎಡ ಮಣಿಕಟ್ಟು ಊರುವ ಖಾಲಿ ಜಾಗಕ್ಕೆ ಕಡಗ ತಂದಳು. ಪರದೆ ಆರಿತು. ದೂರ ಒಯ್ದು ಗುಂಡಿ ಒತ್ತಿದಳು. ಎದ್ದಿತು. ತಂದಳು. ಮಲಗಿತು.

"ಅಯ್ಯಯ್ಯೋ, ಏನ್ ಮಾಡ್ತಿದೀರ ಮೇಡಂ, ನಾಟಕದ ಪರದೆ ಏಳೋ ಹೊತ್ತಲ್ಲಿ!" ಎಂದು ಮಾತು ಎತ್ತಿಕೊಡುವವನು ಗೋಗರೆದ.

ಅವಳು ನನ್ನ ಕಡೆ ತಿರುಗಿ ವಿವರಿಸಿದಳು. ಲ್ಯಾಪ್‌ಟಾಪಿನ ಮುಚ್ಚಳದಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದಂತೆ. ಮುಚ್ಚಿದಾಗ ಅದು ಕೆಳಗಿನ ಭಾಗದ ಹತ್ತಿರ ಬರುತ್ತದೆ, ಮುಚ್ಚಳ ಹಾಕಿದರು ಎಂದು ತಿಳಿದು ಯಂತ್ರ ಮಲಗುತ್ತದೆ. "ನೀವು ಕೈಯಿಟ್ಟಾಗಲೆಲ್ಲ ಅದು ಮುಚ್ಚಳ ಹಾಕಿದ್ರು ಅಂದ್ಕೊಂಡಿದೆ. ಪಾಪ, ಹೇಳಿದ ಹಾಗೆ ಕೇಳಿದೆ ಅಷ್ಟೆ. ನೀವೊಬ್ರೇ ಅದನ್ನ ಬೈದಿದ್ದು."

ಆಸ್ಪತ್ರೆಯಲ್ಲಿ ಯಾಕೆ ಎದ್ದಿತು, ನಾಯಿ ಹಿಡಿದಾಗ ಯಾಕೆ ಎದ್ದಿತು, ಎಲ್ಲ ಒಂದೇ ಗಳಿಗೆಯಲ್ಲಿ ನನ್ನ ತಲೆಯೊಳಗೆ ಸಾಲಾಗಿ ನಿಂತಿತು. ಅತ್ತೆಯ ಕುಂಕುಮ ಇಟ್ಟುಕೊಂಡು, ಸೆರಗು ನೆಲಕ್ಕೆ ಬಿದ್ದದ್ದೂ ತಿಳಿಯದೆ ನಿಂತು ನಗಲು ಶುರು ಮಾಡಿದೆ. ಅವಳೂ ಶುರು ಮಾಡಿದಳು. ಹೊರಗೆ ಮೈಕಿನಲ್ಲಿ ನಮ್ಮ ನಾಟಕದ ಹೆಸರು ಕೂಗುತ್ತಿದ್ದರು. ಸೊಸೆಯ ಪಾತ್ರದ ಹುಡುಗಿ ಬಂದು, "ಸರ್, ಅತ್ತೆ ಅಳ್ತಾ ಎಂಟ್ರಿ ಕೊಡಬೇಕು, ನಗ್ತಾ ಅಲ್ಲ," ಎಂದು ಗದರಿಸಿದಳು. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಉಳಿದ ಪಿನ್ನುಗಳನ್ನು ಸಿಕ್ಕ ಸಿಕ್ಕಲ್ಲಿ ಚುಚ್ಚಿ, ಮುಂದಿನ ಸಾಲಿನ ಅಜ್ಜಿ ನೋಡುತ್ತಾರೆಂದು ಕಡಗವನ್ನು ಮತ್ತೆ ನನ್ನ ಕೈಗೇರಿಸಿ, ರಂಗದ ಮೇಲೆ ನೂಕಿದಳು.

ನಾಟಕ ಚೆನ್ನಾಗಿಯೇ ನಡೆಯಿತು. ಮೊದಲ ಎರಡು ದೃಶ್ಯಕ್ಕೆ ಜನ ಸೌಜನ್ಯಕ್ಕೆ ನಕ್ಕರು. ಮೂರನೆಯದರಲ್ಲಿ ನಾನೂ ಆ ಹುಡುಗಿಯೂ ಪ್ಲಾಸ್ಟಿಕ್ ಹಾಳೆ ಜಗ್ಗಾಡುತ್ತಿದ್ದಾಗ ಬೆನ್ನ ಹಿಂದೆ ಹಳದಿ ದೀಪ ಹತ್ತಿತು. ಮಕ್ಕಳು ಮೊದಲು ಕೂಗಿಕೊಂಡರು, "ಆಂಟಿ, ಲುಕ್ ಬಿಹೈಂಡ್ ಯೂ!" ಆಮೇಲೆ ದೊಡ್ಡವರು. ಹಾಲಿಗೆ ಹಾಲೇ ಎದ್ದು ನಿಂತು ಬೆರಳು ತೋರಿಸುತ್ತಿತ್ತು. ನಾವು ತಿರುಗಬಾರದು, ತಿರುಗಲಿಲ್ಲ. ದೀಪ ಆರಿದಾಗ ಎಲ್ಲರ ಬಾಯಿಂದಲೂ ಒಟ್ಟಿಗೆ ಬಂದ "ಛೇ" ಎಂಬ ಉದ್ಗಾರವನ್ನು ನಾನು ಮರೆಯಲಾರೆ. ಅದರ ಹಿಂದೆಯೇ ನಗು ಬಂತು, ಬಹಳ ಹೊತ್ತು ನಿಲ್ಲದ ನಗು. ಅಂಥ ನಗುವನ್ನು ನನ್ನ ಯಾವ ನಾಟಕವೂ ತಂದಿರಲಿಲ್ಲ. ರಂಗದ ಮೇಲೆ ನಿಂತೇ ಸ್ವಲ್ಪ ಹೊಟ್ಟೆಕಿಚ್ಚು ಪಟ್ಟೆ. ಅದಕ್ಕಿಂತ ಹೆಚ್ಚು ಹೆಮ್ಮೆಯೂ ಆಯಿತು.

ಮರುದಿನ ಗೋಡೆಯ ಆಚೆ ಅಜ್ಜಿ ಬಟ್ಟೆ ಹರವುತ್ತಿದ್ದರು. ಭಾಷೆ ಗೊತ್ತಾಗದಿದ್ದರೂ ಕೊನೆಯಲ್ಲಿ ತಾವೂ ಎದ್ದು ಕೂಗಿದ್ದಾಗಿ ಹೇಳಿದರು. ನಾನು ಮೆಲ್ಲಗೆ ಕಡಗದ ಕತೆ ಹೇಳಿದೆ. ಅವರಿಗೆ ಬೇಸರವಾಗುತ್ತದೆಂದು ಹೆದರಿದ್ದೆ. ಅವರು ಬಟ್ಟೆಯ ಕ್ಲಿಪ್ಪನ್ನು ಬಾಯಿಂದ ತೆಗೆದು, ಕಣ್ಣರಳಿಸಿ ಕೇಳಿದರು.

"ಅಷ್ಟು ದೊಡ್ಡ ಯಂತ್ರಾನ ಮಲಗಿಸಿಬಿಡ್ತಾ?"

"ಹೌದು."

"ಮತ್ತೆ! ಶಕ್ತಿ ಇಲ್ಲ ಅಂತ ನೀನು ಮನಸ್ಸಲ್ಲೇ ಅಂದ್ಕೊಂಡಿದ್ದೆ. ನಂಗೆ ಗೊತ್ತಿತ್ತು. ಕೈ ಹೇಗಿದೆ ಈಗ?"

ಕೈ ವಾಸಿಯಾಗಿತ್ತು. ಮೂರು ವಾರ ಟೈಪ್ ಮಾಡದೆ ಇದ್ದದ್ದಕ್ಕೆ ವಾಸಿಯಾಯಿತೋ, ಕಡಗದಿಂದಲೋ, ಪವಿತ್ರಜಲದಿಂದಲೋ, ಹೇಳುವುದು ಹೇಗೆ? "ಗ್ರ್ಯಾಂಡ್," ಎಂದೆ. ಈ ಸಲ ಅದು ನಿಜವಾಗಿತ್ತು.

ಕಳೆದ ವಾರ ನಮ್ಮ ಕನ್ನಡ ಕೂಟದವರು ಯುಗಾದಿಗೆ ಇನ್ನೊಂದು ನಾಟಕ ಬೇಕೆಂದು ಫೋನ್ ಮಾಡಿದ್ದರು. ನಾನು ಒಂದು ಕಥಾವಸ್ತು ಹೇಳಲು ಶುರು ಮಾಡಿದೆ. ಅವರು ವಿನಯದಿಂದಲೇ ತಡೆದು, "ಮೇಡಂ ಇದಾರಾ ಸರ್?" ಎಂದರು. ಫೋನ್ ಅವಳಿಗೆ ಕೊಟ್ಟೆ. ಅವಳು ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು, ಬಹಳ ಹೊತ್ತು ಮಾತಾಡಿದಳು. ಅತ್ತೆ ಪಾತ್ರ ಈ ಸಲವೂ ನನಗೇ ಅಂತೆ. ಮಾತು ಎಷ್ಟಿದೆ ಎಂದು ಕೇಳಿದೆ. ಅತ್ತೆ ಮೌನವ್ರತದಲ್ಲಿರುತ್ತಾಳಂತೆ.